ಬರಿ ಉಕ್ಕಿನ ಹಿಡಿ

2025ರ ಮಾರ್ಚ್ 16, ಭಾನುವಾರ ಮಧ್ಯಾಹ್ನ 3.20ಕ್ಕೆ ಅಂಜನ್ ಕುಮಾರ್ ಎಂಬ ಮೂವತ್ಮೂರು ವರ್ಷದ ವ್ಯಕ್ತಿ ಪಾವಗಡ ಪೊಲೀಸ್ ಠಾಣೆಗೆ ಬಂದು ದೂರು ಬರೆದುಕೊಟ್ಟ. ಪಟ್ಟಣದಿಂದ ಹದಿನಾಲ್ಕು ಕಿಲೋಮೀಟರ್ ದೂರವಿರುವ ‘ಬೆಳಗು’ ಸೌರ ವಿದ್ಯುತ್ ಘಟಕಕ್ಕೆ ಆತ ಇನ್‌ಚಾರ್ಜ್. ದೂರು ಒಂದೂವರೆ ಪುಟವಿತ್ತು, ಅಕ್ಷರ ದುಂಡಗಿತ್ತು. ಘಟಕದಲ್ಲಿ ಕೇಬಲ್ ಜೋಡಿಸುವ ಕೆಲಸ ಮಾಡುವ ಭೀಮರಾಜು, ವಯಸ್ಸು 41, ವಾಸ ಮಧುಗಿರಿ ತಾಲ್ಲೂಕು ಐ.ಡಿ.ಹಳ್ಳಿ, ವಾರದ ರಜೆಯ ದಿನ ಬೇಲಿ ಕತ್ತರಿಸಿ ಒಳಗೆ ನುಗ್ಗಿದ್ದಾನೆ, ತಾಮ್ರದ ಕೇಬಲ್ ಕದಿಯುವಾಗ ಕರೆಂಟ್ ಹೊಡೆದು ಸತ್ತಿದ್ದಾನೆ, ಮಧ್ಯಾಹ್ನ 2.30ಕ್ಕೆ ಸುತ್ತು ಹೊಡೆಯುವಾಗ ಹೆಣ ಕಣ್ಣಿಗೆ ಬಿತ್ತು. ಬಲಗೈಯಲ್ಲಿ ಚಾಕು ಇದೆ. ದಯವಿಟ್ಟು ಮುಂದಿನ ಕ್ರಮ ಜರುಗಿಸಬೇಕು.

ಇನ್‌ಸ್ಪೆಕ್ಟರ್ ಶ್ರೀಲತಾ ದೂರನ್ನು ಎರಡು ಸಲ ಓದಿದರು.

"ಹೆಣ ಮುಟ್ಟಿದ್ರಾ?"

"ಇಲ್ಲ ಮೇಡಂ. ದೂರದಿಂದಲೇ ನೋಡ್ದೆ."

"ಸತ್ತಿದ್ದಾನೆ ಅಂತ ದೂರದಿಂದಲೇ ಗೊತ್ತಾಯ್ತಾ?"

"ಉಸಿರಾಡ್ತಿರಲಿಲ್ಲ ಮೇಡಂ."

"ಇವತ್ತು ಅವನಿಗೆ ಕೆಲಸ ಇತ್ತಾ?"

"ಇಲ್ಲ. ಭಾನುವಾರ ರಜೆ. ಹಾಜರಿ ಪುಸ್ತಕ ತಂದಿದೀನಿ, ನೋಡಿ."

ಕೇಳುವ ಮೊದಲೇ ಹಾಜರಿ ಪುಸ್ತಕ ಹೊತ್ತು ತಂದಿದ್ದನ್ನು ಶ್ರೀಲತಾ ಗಮನಿಸಿದರು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಕಲಂ 194ರ ಅಡಿ ಅಸಹಜ ಸಾವಿನ ವರದಿ ದಾಖಲಿಸಿಕೊಂಡು, ಹೆಡ್ ಕಾನ್‌ಸ್ಟೇಬಲ್ ಅಂಜಿನಮೂರ್ತಿಯನ್ನು ಕರೆದುಕೊಂಡು ಜೀಪು ಹತ್ತಿದರು.

4.05ಕ್ಕೆ ಸ್ಥಳ ತಲುಪಿದರು. ಕಣ್ಣು ಹಾಯುವಷ್ಟು ದೂರ ಸೌರ ಫಲಕಗಳ ಸಾಲು. ಕೊನೆಯ ಸಾಲಿನಾಚೆ ತಂತಿ ಬೇಲಿ, ಬೇಲಿಯಲ್ಲಿ ಆಳುದ್ದ ಕತ್ತರಿಸಿದ ಕಂಡಿ. ಹೊರಗೆ ಜಾಲಿಗಿಡದ ಕೆಳಗೆ ಭೀಮರಾಜುವಿನ ಬೈಕ್ ನಿಂತಿತ್ತು. ಒಳಗೆ ಕೇಬಲ್ ಹಾಯುವ ಚರಂಡಿಯ ಪಕ್ಕ ಅವನು ಅಂಗಾತ ಬಿದ್ದಿದ್ದ. ಸುತ್ತ ಕತ್ತರಿಸಿದ ಕೇಬಲ್ಲಿನ ಐದು ಸುರುಳಿ.

ಪಂಚರ ಎದುರಿಗೆ ಪಂಚನಾಮೆ ಆರಂಭವಾಯಿತು. ಅಂಜಿನಮೂರ್ತಿ ಹೇಳುತ್ತಾ ಹೋದ, ಬರಹಗಾರ ಪೇದೆ ಬರೆದುಕೊಂಡ. ಮೃತನ ಬಲಗೈಯಲ್ಲಿ ಒಂದು ಚಾಕು. ಒಂದೇ ತುಂಡು ಉಕ್ಕಿನದು. ಅಲಗು ನಾಲ್ಕು ಇಂಚು, ಹಿಡಿ ನಾಲ್ಕು ಇಂಚು. ಹಿಡಿಗೆ ಮರವಾಗಲೀ ಪ್ಲಾಸ್ಟಿಕ್ ಆಗಲೀ ಇಲ್ಲ. ಹಿಡಿಯ ಉಕ್ಕಿನಲ್ಲೇ ಮೊಟ್ಟೆಯಾಕಾರದ ಮೂರು ದೊಡ್ಡ ತೂತು, ತುದಿಯಲ್ಲಿ ಒಂದು ಸಣ್ಣ ತೂತು.

ಶ್ರೀಲತಾ ಗ್ಲೌಸ್ ಹಾಕಿಕೊಂಡು ಚಾಕು ಎತ್ತಿದರು. ಮರುಕ್ಷಣವೇ ಕೈ ಬದಲಿಸಬೇಕಾಯಿತು. ಬಿಸಿಲಿಗೆ ಬಿದ್ದಿದ್ದ ಉಕ್ಕು ತೆಳು ಗ್ಲೌಸ್ ದಾಟಿ ಸುಡುತ್ತಿತ್ತು.

"ಬರೀ ಅಸ್ಥಿಪಂಜರ ಇದ್ದಂಗೈತೆ ಮೇಡಂ" ಎಂದ ಅಂಜಿನಮೂರ್ತಿ. "ಇಂಥದ್ದು ಹಿಡ್ಕೊಂಡು ಕರೆಂಟ್ ಕೇಬಲ್ ಕುಯ್ಯಕ್ಕೆ ಬರ್ತಾರಾ?"

"ಎಷ್ಟು ವರ್ಷದ ಸರ್ವಿಸ್ ಇವನದ್ದು?" ಶ್ರೀಲತಾ ಅಂಜನ್ ಕುಮಾರ್‌ನತ್ತ ತಿರುಗಿದರು.

"ಕೇಬಲ್ ಕೆಲಸದಲ್ಲಿ ಹದಿನಾರು ವರ್ಷ ಮೇಡಂ. ಆಸೆಗೆ ಬಿದ್ದೋರಿಗೆ ಎಚ್ಚರ ಇರಲ್ಲ ನೋಡಿ."

ಅಲಗನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. ಅಂಚು ನೆಟ್ಟಗಿತ್ತು. ಒಂದು ಕಡೆಯೂ ಕಪ್ಪಾಗಿರಲಿಲ್ಲ, ಕರಗಿದ ಚುಕ್ಕೆ ಇರಲಿಲ್ಲ. ಅಲಗಿನ ಬುಡದಲ್ಲಿ ಉಳಿಯಿಂದ ಹೊಡೆದ ಸಣ್ಣ ಅರ್ಧಚಂದ್ರದ ಗುರುತಿತ್ತು. ಅದನ್ನೂ ಬರೆಸಿದರು. ಮೃತನ ಬೂಟಿನ ಹಿಮ್ಮಡಿಗೆ ಮಾತ್ರ ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿದ್ದನ್ನು ಸಹ ಬರೆಸಿದರು.

ಸಂಜೆ 6.40. ಪಾವಗಡದ ಆಸ್ಪತ್ರೆಯ ಶವಾಗಾರದ ಹೊರಗೆ ಭೀಮರಾಜುವಿನ ಹೆಂಡತಿ ಸುನಿತಾ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಾವ ದೊಡ್ಡರಂಗಯ್ಯ ಎರಡೂ ಕೈಯಲ್ಲಿ ಟವೆಲ್ ಹಿಂಡುತ್ತಾ ನಿಂತಿದ್ದರು. ಇನ್‌ಸ್ಪೆಕ್ಟರ್ ಬಂದದ್ದು ಕಂಡು ಸುನಿತಾ ಎದ್ದಳು. ಅತ್ತು ಅತ್ತು ದನಿ ಒಡೆದಿತ್ತು, ಆದರೆ ಮಾತು ತೊದಲಲಿಲ್ಲ.

"ಕಳ್ಳ ಅಂತ ಬರ್ಕೊಂಡವ್ರಂತೆ. ಹೌದಾ ಮೇಡಂ?"

"ದೂರು ಹಾಗೆ ಬಂದಿದೆ. ನಾನು ಇನ್ನೂ ಏನೂ ಬರೆದಿಲ್ಲ. ಬೆಳಿಗ್ಗೆ ಮನೆಯಿಂದ ಎಷ್ಟೊತ್ತಿಗೆ ಹೊರಟರು?"

"ಎಂಟು ಗಂಟೆಗೆ ಫೋನ್ ಬಂತು. ಅಂಜನ್ನೇ ಮಾಡಿದ್ದು. ಅರ್ಜೆಂಟು, ಬಂದ್ಬುಡಣ್ಣ ಅಂದ. ಇವ್ರು ಮುದ್ದೆ ಉಂಡು, ಬ್ಯಾಗ್ ಹಾಕ್ಕೊಂಡು ಹೋದ್ರು."

"ಯಾವ ಬ್ಯಾಗು?"

"ಸಾಮಾನಿನ ಬ್ಯಾಗು. ಕಾಕಿ ಬಣ್ಣದ್ದು. ಅದಿಲ್ದೆ ಇವ್ರು ಹೊಸಿಲು ದಾಟಲ್ಲ."

ಸ್ಥಳದಲ್ಲಿ ಬ್ಯಾಗ್ ಇರಲಿಲ್ಲ. ಶ್ರೀಲತಾ ಮೊಬೈಲಿನಲ್ಲಿ ಚಾಕುವಿನ ಫೋಟೋ ತೋರಿಸಿದರು. ಸುನಿತಾ ಬಗ್ಗಿ ನೋಡಿದಳು.

"ಚಾಕು ಇದೇ ಥರದ್ದು. ಇವ್ರದ್ದಲ್ಲ."

"ಹೆಂಗೆ ಹೇಳ್ತೀಯಮ್ಮ?"

"ಇವ್ರ ಚಾಕಿನ ಹಿಡಿ ಕರ್ರಗದೆ ಮೇಡಂ. ತಂದ ದಿನವೇ ಕರೀ ಪ್ಲಾಸ್ಟಿಕ್ ಕೊಳವೆ ತೂರಿಸಿ, ನಮ್ಮನೆ ಸ್ಟೋವ್ ಮೇಲೆ ಕಾಯಿಸಿದ್ರು. ಅದು ಸುರುಟ್ಕೊಂಡು ಹಿಡಿಗೆ ಅಂಟ್ಕೊತು. ಮನೆಯೆಲ್ಲಾ ವಾಸನೆ. ನಾನು ಬೈದೆ. ಬರೀ ಕಬ್ಬಿಣ ಹಿಡ್ಕೊಂಡು ಕರೆಂಟ್ ಹತ್ರ ಹೋದ್ರೆ ನೀನು ಮುಂಡೆ ಆಗ್ತೀಯ ಕಣೇ ಅಂತ ನಕ್ರು. ಒಂದಲ್ಲ, ಎರಡು ಪದರ ಹಾಕಿದ್ರು."

ದೊಡ್ಡರಂಗಯ್ಯ ಮೊದಲ ಸಲ ಬಾಯಿ ಬಿಟ್ಟರು. "ನಮ್ಮೂರಲ್ಲಿ ಆಗ್ಲೇ ಸುದ್ದಿ ಹಬ್ಬೈತೆ ತಾಯಿ. ಮಣ್ಣಿಗೆ ಬರೋರು ಯಾರೋ, ಬರದೋರು ಯಾರೋ. ಮೊಮ್ಮಗಳು ಎಸ್ಸೆಸ್ಸೆಲ್ಸಿ ಬರೀಬೇಕು, ಇಸ್ಕೂಲಿಗೆ ಹೆಂಗೆ ಹೋಯ್ತಾಳೆ?"

"ಹೋಗ್ತಾಳೆ" ಎಂದರು ಶ್ರೀಲತಾ. "ನನಗೆ ನಾಲ್ಕು ದಿನ ಕೊಡಿ."

ಸೋಮವಾರ ಬೆಳಿಗ್ಗೆ 10.30ಕ್ಕೆ ಮರಣೋತ್ತರ ಪರೀಕ್ಷೆ ಮುಗಿಯಿತು. ವೈದ್ಯರು ಕೈ ಒರೆಸಿಕೊಳ್ಳುತ್ತಾ ಹೊರಬಂದರು. ಕರೆಂಟಿನಿಂದಲೇ ಸಾವು, ಅದರಲ್ಲಿ ಅನುಮಾನವಿಲ್ಲ. ಎಡಗೈ ಹೆಬ್ಬೆರಳು, ತೋರುಬೆರಳು ಸುಟ್ಟು ಕರಕಲಾಗಿವೆ. ಕರೆಂಟ್ ಒಳಹೊಕ್ಕದ್ದು ಅಲ್ಲಿಂದ. ಬಲ ಮೊಣಕೈಯಲ್ಲಿ ಹೊರಬಿದ್ದ ಗಾಯ. ಪಕ್ಕದಲ್ಲಿದ್ದ ಯಾವುದೋ ಕಬ್ಬಿಣದ ಕಂಬಕ್ಕೆ ಒರಗಿದ್ದಿರಬೇಕು.

"ಬಲ ಅಂಗೈ?"

"ಚೊಕ್ಕಟ."

"ಚಾಕು ಇದ್ದದ್ದು ಬಲಗೈಯಲ್ಲಿ ಡಾಕ್ಟರೇ. ಹಿಡಿ ಬರೀ ಉಕ್ಕು."

ವೈದ್ಯರು ಫೋಟೋ ನೋಡಿದರು. "ಸಾವಿರ ವೋಲ್ಟು ಈ ಹಿಡಿಯಿಂದ ಹಾದಿದ್ದರೆ ಅಂಗೈ ಮೇಲೆ ಇದರ ಅಚ್ಚೇ ಇರುತ್ತಿತ್ತು. ಮೂರು ತೂತಿನ ಗುರುತೂ ಮೂಡಿರುತ್ತಿತ್ತು. ಇಲ್ಲಿ ಒಂದು ಬೊಬ್ಬೆಯೂ ಇಲ್ಲ. ಸಾಯುವಾಗ ಈ ಮನುಷ್ಯನ ಕೈಯಲ್ಲಿ ಈ ಚಾಕು ಇರಲಿಲ್ಲ. ಬರೆದುಕೊಡುತ್ತೇನೆ."

ಜೀಪಿನಲ್ಲಿ ಕೂತ ಮೇಲೆ ಅಂಜಿನಮೂರ್ತಿ, "ಹಂಗಾದ್ರೆ ಆಮೇಲೆ ಯಾರೋ ಇಟ್ಟವ್ರೆ" ಎಂದ.

"ಇಟ್ಟವ್ರೆ. ಆದರೆ ಕಳ್ಳ ಅನ್ನಿಸಬೇಕು ಅಂದರೆ ಭೀಮರಾಜುವಿನ ಚಾಕುವನ್ನೇ ಇಡಬಹುದಿತ್ತು. ಇನ್ನೊಂದು ಯಾಕೆ?"

"ಬ್ಯಾಗು ಅಲ್ಲಿದ್ರೆ ಕೆಲಸಕ್ಕೆ ಬಂದಿದ್ದ ಅಂತ ಆಯ್ತದೆ. ಬ್ಯಾಗಿನ ಜತೆ ಚಾಕೂ ಹೋಗೈತೆ."

"ಸರಿ. ಈಗ ಈ ಚಾಕು ಯಾರದ್ದು ಅಂತ ಗೊತ್ತಾದರೆ ಸಾಕು."

"ಆ ಅರ್ಧಚಂದ್ರ ನನಗೆ ಗೊತ್ತು ಮೇಡಂ" ಎಂದ ಅಂಜಿನಮೂರ್ತಿ. ಅವನ ಊರು ಶಿರಾ ತಾಲ್ಲೂಕಿನ ತಾವರೆಕೆರೆ. "ನಮ್ಮಪ್ಪ ಕುರಿ ಉಣ್ಣೆ ಕತ್ರಿಸೋ ಕತ್ತರಿ ಸಾಣೆಗೆ ಕೊಡ್ತಿದ್ದ. ಶಿರಾದ ಬಾಬಾಜಾನ್ ಸಾಬರ ಗುರುತು ಅದು."

ಮಂಗಳವಾರ ಬೆಳಿಗ್ಗೆ 9.15ಕ್ಕೆ ಇಬ್ಬರೂ ಶಿರಾದಲ್ಲಿದ್ದರು. ಜಾಮಿಯಾ ಮಸೀದಿಯ ಹಿಂದಿನ ಬೀದಿಯಲ್ಲಿ ಬಾಬಾಜಾನ್ ಅವರ ತಗಡಿನ ಅಂಗಡಿ. ಸಾಣೆಕಲ್ಲಿನ ಮುಂದೆ ಕೂತಿದ್ದ ಮುದುಕರು ಕನ್ನಡಕ ಹಣೆಗೇರಿಸಿ, ಪ್ಲಾಸ್ಟಿಕ್ ಚೀಲದಲ್ಲಿದ್ದ ಚಾಕುವನ್ನು ಹೊರಗಿನಿಂದಲೇ ಸವರಿದರು.

"ನಂದೇ ಮಾಲು. ಹಳೇ ಮಿಲ್ ಗರಗಸದ ಪಟ್ಟಿಯಿಂದ ಕಟ್ ಮಾಡಿದ್ದು. ಇಂಥದ್ದು ಎರಡೇ ಎರಡು ಮಾಡಿದೀನಿ ಮೇಡಂ, ಜಿಂದಗೀಲೆ."

"ಯಾರಿಗೆ?"

"ಪಾವಗಡದ ಸೋಲಾರ್‌ನೋರು ಇಬ್ರು ಬಂದಿದ್ರು. ಹೋದ ದಸರಾಕ್ಕೆ ಹದಿನೈದು ದಿನ ಮುಂಚೆ. ಚಿಕ್ಕ ವಯಸ್ಸಿನ ಇಂಜಿನಿಯರ್ ಸಾಬ್ ಒಬ್ರು ಮೊಬೈಲಲ್ಲಿ ಫಾರಿನ್ ಚಾಕು ತೋರಿಸಿದ್ರು. ಹಿಡಿ ಹಾಕ್ಬೇಡಿ, ತೂತು ಕೊರೆದು ಕೊಡಿ ಅಂದ್ರು. ನಂಗೆ ನಗು ಬಂತು. ಅರ್ಧ ಚಾಕು ಕೇಳ್ತಾರಲ್ಲಪ್ಪ ಅಂತ."

"ಅರ್ಧ ಚಾಕು ಯಾಕೆ? ಚೆನ್ನಾಗಿದೆಯಲ್ಲ."

ಬಾಬಾಜಾನ್‌ಗೆ ಉತ್ಸಾಹ ಬಂತು. ಅವಸರವಿಲ್ಲದೆ ಹೇಳಿದರು. "ಖೂಬಿ ಐತೆ, ಒಳ್ಳೇ ಗುಣ ಇಲ್ಲ ಅನ್ನಲ್ಲ. ಹೂವಿನಂಗೆ ಹಗುರ. ಜೇಬಲ್ಲಿಟ್ರೆ ಇದೆ ಅಂತಾನೇ ಗೊತ್ತಾಗಲ್ಲ. ಮರದ ಹಿಡಿ ಆದ್ರೆ ಸೀಳ್ತದೆ, ಗುಬ್ಬಿಮೊಳೆ ಸಡಿಲ ಆಯ್ತದೆ, ಸಂದೀಲಿ ಕೊಳೆ ನಿಲ್ತದೆ. ಇದಕ್ಕೆ ಅದೇನೂ ಇಲ್ಲ. ನೀರಲ್ಲಿ ಅದ್ದಿದ್ರೆ ಸಾಫ್. ತೂತಿಗೆ ದಾರ ಹಾಕಿ ಗೋಡೆಗೆ ನೇತು ಬಿಡಿ, ಆಯ್ತು. ಲೇಕಿನ್, ಬೆವರಿನ ಕೈಗೆ ಜಾರ್ತದೆ. ಗಟ್ಟಿ ವಸ್ತು ಕುಯ್ಯಕ್ಕೆ ಒತ್ತಿ ಹಿಡಿದ್ರೆ ತೂತಿನ ಅಂಚು ಅಂಗೈ ಕೊರೀತದೆ. ಬಿಸಿಲಿಗೆ ಸುಡ್ತದೆ, ಚಳಿಗೆ ಕೊರೀತದೆ. ಹಣ್ಣು ಹೆಚ್ಚಕ್ಕೆ, ದಾರ ಕುಯ್ಯಕ್ಕೆ ಪರವಾಗಿಲ್ಲ. ದಿನಪೂರ್ತಿ ದುಡಿಯೋನಿಗೆ ಅಲ್ಲ. ಕರೆಂಟ್ ಕೆಲಸಕ್ಕಂತೂ ತೋಬಾ ತೋಬಾ."

"ಇದನ್ನೆಲ್ಲ ಅವತ್ತು ಅವರಿಗೆ ಹೇಳಿದ್ರಾ?"

"ಹೇಳ್ದೆ. ಜತೇಲಿದ್ದ ದೊಡ್ಡೋನು, ಅದೇ ಭೀಮಣ್ಣ ಅಂತ ಕರೀತಿದ್ರು, ಅವನು ನನ್ನ ಮಾತಿಗೇ ಬಂದ. ‘ನಂದಕ್ಕೆ ನಾನು ಕೋಟು ಹಾಕ್ಕೋತೀನಿ ಸಾಬ್ರೆ, ತೂತಿರೋದು ಒಳ್ಳೇದೇ ಆಯ್ತು, ಪ್ಲಾಸ್ಟಿಕ್ ಒಳಗೆ ಕಚ್ಕೊಂಡು ಕೂರ್ತದೆ’ ಅಂದ. ಕೆಲಸ ಗೊತ್ತಿರೋ ಮನುಷ್ಯ. ಇಂಜಿನಿಯರ್ ಸಾಬ್‌ಗೆ ಅದು ಇಷ್ಟ ಆಗ್ಲಿಲ್ಲ. ಅಂದ ಕೆಡ್ತದೆ, ನಂದು ಹಿಂಗೇ ಇರ್ಲಿ ಅಂದ್ರು."

ಬಾಬಾಜಾನ್ ಹೇಳಿಕೆಗೆ ಸಹಿ ಹಾಕಿದರು. ಭೀಮಣ್ಣನಿಗೆ ಏನಾಯಿತು ಎಂದು ಆಮೇಲೆ ಕೇಳಿದರು. ಅಂಜಿನಮೂರ್ತಿ ಹೇಳಿದ. ಮುದುಕರು ಕನ್ನಡಕ ತೆಗೆದು ಸಾಣೆಕಲ್ಲಿನ ಮೇಲಿಟ್ಟರು.

ಅದೇ ದಿನ ಮಧ್ಯಾಹ್ನ 1.30ಕ್ಕೆ ಶ್ರೀಲತಾ ಘಟಕದ ಗೇಟಿನಲ್ಲಿದ್ದರು. ಅಂಜನ್ ಕುಮಾರ್ ಎರಡು ದಿನದ ರಜೆ ಹಾಕಿ ಊರಿಗೆ ಹೋಗಿದ್ದ. ಅವನ ಆಫೀಸ್ ರೂಮನ್ನು ಒಮ್ಮೆ ನೋಡಿಕೊಂಡು ಗೇಟಿಗೆ ವಾಪಸು ಬಂದರು. ವಾಚ್‌ಮನ್ ಚಿಕ್ಕನರಸಯ್ಯ, ಅರವತ್ತು ದಾಟಿದವರು, ಕುರ್ಚಿಯಿಂದ ಎದ್ದು ನಿಂತರು.

"ಭಾನುವಾರ ಬೆಳಿಗ್ಗೆ ಭೀಮರಾಜು ಗೇಟಿನಿಂದ ಒಳಗೆ ಬಂದಿದ್ದರಾ?"

"ಇಲ್ಲ ಕಣಮ್ಮ. ನಾನು ನೋಡ್ಲಿಲ್ಲ."

"ನೋಡಲಿಲ್ಲವೋ, ಬರಲಿಲ್ಲವೋ?"

"ನೋಡ್ಲಿಲ್ಲ."

"ಒಳಗೆ ಆಫೀಸ್ ರೂಮಿನ ಗೋಡೆ ಮೇಲೆ ಖಾಲಿ ಮೊಳೆ ಇದೆ. ಅದಕ್ಕೆ ಏನು ನೇತು ಹಾಕಿರ್ತಿದ್ರು?"

ಮುದುಕರ ಕಣ್ಣು ಬೇರೆ ಕಡೆ ಹೋಯಿತು. ಅಂಜಿನಮೂರ್ತಿ ಪಕ್ಕದಲ್ಲಿ ಕೂತು, ಊರು ಕೇರಿ ವಿಚಾರಿಸಿ, ಮೊಬೈಲ್ ಕೇಳಿ ತೆಗೆದುಕೊಂಡ. ಫೋಟೋಗಳಲ್ಲಿ ಹೆಚ್ಚಿನವು ಮೊಮ್ಮಕ್ಕಳವು. ಹಿಂದಕ್ಕೆ ಸರಿಸುತ್ತಾ ಹೋದಂತೆ ಕಳೆದ ವರ್ಷದ ಆಯುಧಪೂಜೆ ಬಂತು. ಆಫೀಸಿನ ಮೇಜಿನ ಮೇಲೆ ಸ್ಪ್ಯಾನರ್, ಇಕ್ಕಳ, ಮೀಟರ್ ಎಲ್ಲ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ಪಕ್ಕಪಕ್ಕದಲ್ಲೇ ಎರಡು ಚಾಕು. ಒಂದರ ಹಿಡಿ ಕಪ್ಪು. ಇನ್ನೊಂದರದು ಬರಿ ಉಕ್ಕು, ಮೂರು ತೂತಿನೊಳಗಿಂದ ಮೇಜಿನ ಕೆಂಪು ಬಟ್ಟೆ ಕಾಣುತ್ತಿತ್ತು.

"ಕರೀದು ಯಾರದ್ದು ತಾತ?"

"ಭೀಮಂದು."

"ಬಿಳೀದು?"

ಚಿಕ್ಕನರಸಯ್ಯ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಸಾಹೇಬ್ರುದು. ಮೊಳೆಗೆ ನೇತು ಹಾಕಿರೋರು, ಸೇಬು ಹೆಚ್ಕೊಂಡು ತಿನ್ನೋರು. ಭೀಮ ಒಂಬತ್ತೂವರೆಗೆ ಬಂದ ಕಣಮ್ಮ. ‘ಏನ್ ನರಸಯ್ಯಣ್ಣ, ಭಾನುವಾರನೂ ಬುಡಲ್ಲ ಇವ್ರು’ ಅಂದ್ಕೊಂಡೇ ಹೋದ. ಹನ್ನೆರಡು ಗಂಟೆ ಆಗಿತ್ತೋ ಇಲ್ವೋ, ಸಾಹೇಬ್ರು ಬಂದು ಪಾವಗಡಕ್ಕೆ ಹೋಗಿ ನೀರಿನ ಕ್ಯಾನ್ ತತ್ತಾ ಅಂದ್ರು. ಎರಡು ಕ್ಯಾನ್ ತುಂಬಿ ಇಲ್ಲೇ ಇತ್ತು. ಆದ್ರೂ ಹೋದೆ. ಸಾಯಂಕಾಲ ಹೇಳಿದ್ರು, ಭೀಮ ಗೇಟಿನಾಗೆ ಬರ್ಲಿಲ್ಲ ಅನ್ನು, ಇಲ್ದಿದ್ರೆ ನಿನ್ ಕೆಲಸಾನೂ ಹೋಯ್ತದೆ ಅಂದ್ರು."

"ಇದನ್ನ ಬರೆದುಕೊಳ್ಳಲಾ?"

"ಬರ್ಕೊಳಮ್ಮ. ಮೂರು ದಿನದಿಂದ ಮುದ್ದೆ ಇಳೀತಿಲ್ಲ ನಂಗೆ."

ಬುಧವಾರ ಬೆಳಿಗ್ಗೆ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಅಧಿಕಾರಿಯನ್ನು ಕರೆದುಕೊಂಡು ಹೋಗಿ ಹೆಣ ಸಿಕ್ಕ ಜಾಗದ ಸುತ್ತ ಮತ್ತೆ ಅಳೆದರು. ಚರಂಡಿಯ ಪಕ್ಕದ ಐದು ಸುರುಳಿಯ ತುದಿಗಳಲ್ಲಿ ಸುಟ್ಟ ಗುರುತೇ ಇರಲಿಲ್ಲ. ಆ ಕೇಬಲ್‌ಗಳಲ್ಲಿ ಕರೆಂಟೇ ಇರಲಿಲ್ಲ, ಗೋಡೌನಿನ ಹೊಸ ಉರುಳೆಯಿಂದ ಕತ್ತರಿಸಿ ತಂದು ಹಾಕಿದ್ದು ಎಂದರು ಅಧಿಕಾರಿ. ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಹೊಸದಾಗಿ ಮುಚ್ಚಿದ ಮಣ್ಣು ಕಾಣಿಸಿತು. ಅಗೆಸಿದರು. ಫಲಕಗಳ ಕರೆಂಟ್ ಒಟ್ಟುಗೂಡುವ ಏಳನೇ ನಂಬರಿನ ಸ್ವಿಚ್ ಪೆಟ್ಟಿಗೆಯಿಂದ ಬರುವ ಕೇಬಲ್ಲಿನ ಜೋಡಣೆ ಅಲ್ಲಿತ್ತು. ಒಂದು ತುದಿಗೆ ತಂತಿ ಜೋಡಿಸುವ ತಾಮ್ರದ ಲಗ್ ಒಪ್ಪವಾಗಿ ಬಿಗಿದಿದ್ದರು. ಇನ್ನೊಂದು ತುದಿ ಬಿಚ್ಚಿದ ಹಾಗೇ ಇತ್ತು, ಕಪ್ಪಾಗಿತ್ತು. ಬೂಟಿನ ಹಿಮ್ಮಡಿಗೆ ಮಣ್ಣು ಮೆತ್ತಿದ್ದು ಹೆಣವನ್ನು ಇಲ್ಲಿಂದ ಎಳೆದಾಗ ಎಂದು ಶ್ರೀಲತಾಗೆ ಖಚಿತವಾಯಿತು.

"ಕದಿಯೋಕೆ ಬಂದೋನು ಲಗ್ ಬಿಗಿಯಲ್ಲ" ಎಂದರು ಅಧಿಕಾರಿ. "ಇದು ರಿಪೇರಿ. ಏಳನೇ ಪೆಟ್ಟಿಗೆ ಆಫ್ ಮಾಡಿ, ನಿಯಮದ ಪ್ರಕಾರ ಬೀಗ ಹಾಕಿ, ಕೆಲಸ ಮಾಡ್ತಿದ್ದಿರಬೇಕು. ಅರ್ಧದಲ್ಲಿ ಯಾರೋ ಆನ್ ಮಾಡಿದ್ದಾರೆ."

ಯಾವಾಗ ಎಂಬುದು ಮಧ್ಯಾಹ್ನದೊಳಗೆ ತಿಳಿಯಿತು. ಘಟಕದ ಪ್ರತಿ ಪೆಟ್ಟಿಗೆಯ ಲೆಕ್ಕವೂ ನಿಮಿಷ ನಿಮಿಷಕ್ಕೆ ಬೆಂಗಳೂರಿನ ಮುಖ್ಯ ಕಚೇರಿಯ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಶ್ರೀಲತಾ ನೋಟಿಸ್ ಕಳುಹಿಸಿದ ಮೂರು ಗಂಟೆಯೊಳಗೆ ಹಾಳೆ ಬಂತು. ಏಳನೇ ಪೆಟ್ಟಿಗೆ: 10.38ಕ್ಕೆ ಸೊನ್ನೆ. 11.52ಕ್ಕೆ ಚಾಲೂ. 11.53ಕ್ಕೆ ದೋಷ, ಬಂದ್. ಅಂಜನ್ ಕುಮಾರ್‌ನ ಫೋನ್ ಕರೆಗಳ ಪಟ್ಟಿಯೂ ಬಂದಿತ್ತು. ಬೆಳಿಗ್ಗೆ 8.02ಕ್ಕೆ ಭೀಮರಾಜುವಿಗೆ ಕರೆ. 11.20, 11.35, 11.48ಕ್ಕೆ ಬೆಂಗಳೂರಿನಿಂದ ಕರೆ. ಆಮೇಲೆ ಎರಡು ಗಂಟೆ ಯಾವ ಕರೆಯನ್ನೂ ಎತ್ತಿರಲಿಲ್ಲ.

ಬ್ಯಾಗ್ ಒಂದೇ ಬಾಕಿ. ಸಂಜೆ 4.30ರ ಹೊತ್ತಿಗೆ ಬೇಲಿಯಾಚೆ ಕುರಿ ಮಂದೆ ಕಂಡಿತು. ಅಂಜಿನಮೂರ್ತಿ ಜೀಪು ನಿಲ್ಲಿಸಿ ಇಳಿದ. ಕುರಿ ಕಾಯುವ ಗಂಗಣ್ಣ ದಿನವೂ ಅದೇ ದಾರಿಯಲ್ಲಿ ಮಂದೆ ಹೊಡೆಯುತ್ತಿದ್ದ. ಆಂಧ್ರದ ಗಡಿ ಅಲ್ಲಿಂದ ಕೂಗಳತೆ. ಅವನ ಮಾತಿನಲ್ಲಿ ತೆಲುಗೇ ಅರ್ಧ.

"ಭಾನುವಾರ ಮಧ್ಯಾಹ್ನ ಇಲ್ಲಿದ್ಯೇನಪ್ಪ?"

"ಉಂಟಿನಿ ಸಾಮಿ, ಇಲ್ಲೇ ಇದ್ದೆ. ಬಿಸಿಲು ಅಂತ ಆ ಜಾಲಿ ಕೆಳ್ಗೆ ಪಂಡ್ಕೊಂಡಿದ್ದೆ."

"ಬೈಕ್ ಯಾರು ತಂದು ನಿಲ್ಸಿದ್ರು ನೋಡ್ದಾ?"

"ಬಂಡಿ ಆ ಕರೆಂಟ್ ಭೀಮಣ್ಣಂದು. ನಾಕು ತೆಲುಸು, ಗುರ್ತೈತೆ. ನಂಗೆ ಬೀಡಿ ಕೊಡ್ತಿದ್ದ ಪಾಪ. ಆದ್ರೆ ಹೊಡ್ಕೊಂಡು ಬಂದಿದ್ದು ಅವ್ನಲ್ಲ, ಆಫೀಸರಯ್ಯ. ಇಸ್ತ್ರಿ ಶರ್ಟು. ಮೊದ್ಲು ಆ ಮೋರಿ ಹತ್ರ ನಿಲ್ಸಿದ, ಕೆಳಗಿಳಿದು ಹತ್ತಿ ಬಂದ. ಆಮ್ಯಾಕೆ ಇಲ್ಲಿ ತಂದು ನಿಲ್ಸಿ, ಬೇಲಿ ತೂತಿನಾಗೆ ನುಗ್ಗಿ ಒಳಕ್ಕೆ ಹೋದ. ಗೇಟಿರೋವಾಗ ಇದೇನಪ್ಪ ಇವ್ನು ಅಂದ್ಕೊಂಡೆ."

"ಯಾರಿಗೂ ಹೇಳ್ಲಿಲ್ವಾ?"

"ನನ್ನ ಯಾರು ಕೇಳಿದ್ರಮ್ಮ?" ಎಂದ ಗಂಗಣ್ಣ, ಜೀಪಿನಿಂದ ಇಳಿಯುತ್ತಿದ್ದ ಶ್ರೀಲತಾ ಕಡೆ ತಿರುಗಿ.

ಮೋರಿ ಅಲ್ಲಿಂದ ಅರ್ಧ ಕಿಲೋಮೀಟರ್. ಪಂಚರನ್ನು ಕರೆಸಿ 5.25ಕ್ಕೆ ಪೇದೆಯೊಬ್ಬ ಒಣಗಿದ ಪೈಪಿನೊಳಗೆ ತೆವಳಿದ. ಹೊರಬಂದಾಗ ಅವನ ಕೈಯಲ್ಲಿ ಕಾಕಿ ಬಣ್ಣದ ಬ್ಯಾಗಿತ್ತು. ಒಳಗಿನ ವಸ್ತುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಇಟ್ಟು ಪಂಚನಾಮೆ ಬರೆದರು. ರಬ್ಬರ್ ಗ್ಲೌಸ್ ಒಂದು ಜೊತೆ. ಲಗ್ ಬಿಗಿಯುವ ಇಕ್ಕಳ. ಊಟದ ಡಬ್ಬಿ, ತೆರೆದಿಲ್ಲ. ಚಾಕು ಒಂದು, ಹಿಡಿಗೆ ಕಪ್ಪು ಪ್ಲಾಸ್ಟಿಕ್ಕಿನ ಎರಡು ಪದರ, ಅಲಗಿನ ಬುಡದಲ್ಲಿ ಅರ್ಧಚಂದ್ರ. ಕೆಂಪು ಬೀಗ ಒಂದು. ಕೆಂಪು ರಟ್ಟಿನ ಚೀಟಿ ಒಂದು. ಚೀಟಿಯ ಮೇಲೆ ಬಾಲ್ ಪೆನ್ನಿನಲ್ಲಿ ಬರೆದಿತ್ತು: ‘7ನೇ ಬಾಕ್ಸ್. ಮನುಷ್ಯ ಕೆಲಸ ಮಾಡ್ತಾ ಇದಾನೆ. ಆನ್ ಮಾಡಬೇಡಿ. ಭೀಮರಾಜು, 16-3, 10.40.’

ಅಂಜಿನಮೂರ್ತಿ ಚೀಟಿಯನ್ನು ಗಟ್ಟಿಯಾಗಿ ಓದಿದ. ಪೇದೆ ಅದನ್ನು ಹಾಗೇ ಬರೆದುಕೊಂಡ.

ಆ ಸಂಜೆಯೇ ಸುನಿತಾಳ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 106(1), ನಿರ್ಲಕ್ಷ್ಯದಿಂದ ಸಾವು. ಕಲಂ 238, ಸಾಕ್ಷ್ಯ ನಾಶ ಮತ್ತು ಸುಳ್ಳು ಮಾಹಿತಿ. ಆರೋಪಿ: ಅಂಜನ್ ಕುಮಾರ್. ಎಫ್‌ಐಆರ್ ಪ್ರತಿಯನ್ನು ಸುನಿತಾ ಮಗಳ ಕೈಗೆ ಕೊಟ್ಟು ಓದಿಸಿದಳು. ಹುಡುಗಿ ಠಾಣೆಯ ಬೆಂಚಿನ ಮೇಲೆ ಕೂತು, ‘ಕರ್ತವ್ಯದಲ್ಲಿದ್ದಾಗ’ ಎಂಬ ಪದ ಬಂದಲ್ಲಿ ನಿಲ್ಲಿಸಿ, ಮತ್ತೆ ಅದೇ ಸಾಲನ್ನು ತಾತನಿಗೆ ಕೇಳುವ ಹಾಗೆ ಜೋರಾಗಿ ಓದಿದಳು.

ಗುರುವಾರ, ಮಾರ್ಚ್ 20. ಬೆಳಿಗ್ಗೆ 7.10ಕ್ಕೆ ಶ್ರೀಲತಾ ಮತ್ತು ಸಿಬ್ಬಂದಿ ಕೊರಟಗೆರೆಯಲ್ಲಿ ಅಂಜನ್ ಕುಮಾರ್‌ನ ಮನೆ ಬಾಗಿಲು ತಟ್ಟಿದರು. ಅವನೇ ಬಾಗಿಲು ತೆರೆದ. ಜಗಲಿಯ ಮೇಲೆ ಒಂದು ಸೂಟ್‌ಕೇಸ್ ಸಿದ್ಧವಾಗಿತ್ತು.

"ಎಲ್ಲಿಗೆ ಹೊರಟಿದ್ರಿ?"

"ಹೈದರಾಬಾದಿಗೆ ಮೇಡಂ. ಸ್ನೇಹಿತರ ಮದುವೆ."

"ಮದುವೆ ಆಮೇಲೆ. ಏಳನೇ ಬಾಕ್ಸಿನ ಬೀಗದ ಎರಡನೇ ಕೀ ಯಾರ ಹತ್ರ ಇರುತ್ತೆ?"

ಅವನು ಸೂಟ್‌ಕೇಸನ್ನು ಗೋಡೆಯ ಕಡೆ ಸರಿಸಿದ. ಶ್ರೀಲತಾ ಒಂದೊಂದೇ ಫೋಟೋ ತೆಗೆದು ಅವನ ಮುಂದೆ ಇಟ್ಟರು. ಆಯುಧಪೂಜೆಯ ಮೇಜು. ಕಪ್ಪು ಹಿಡಿಯ ಚಾಕು. ಕೆಂಪು ಚೀಟಿ.

"ಭೀಮರಾಜು ಬಲ ಅಂಗೈಯಲ್ಲಿ ಒಂದು ಬೊಬ್ಬೆಯೂ ಇರಲಿಲ್ಲ ಅಂಜನ್. ನಿಮ್ಮ ಚಾಕು ಅವರ ಕೈಲಿ ಇಡುವಾಗ ಅದು ನಿಮಗೆ ಹೊಳೀಲಿಲ್ಲ. ಅವರಾಗಿದ್ದರೆ ಹೊಳೀತಿತ್ತು."

ಒಳಗಿನಿಂದ ಅವನ ತಂದೆ ಬಂದು ಬಾಗಿಲ ಪಕ್ಕ ನಿಂತರು. ಅಂಜನ್ ಕುಮಾರ್ ಒಮ್ಮೆ ಅವರತ್ತ ನೋಡಿ, ಬಟ್ಟೆ ಬದಲಿಸಿ ಬರುತ್ತೇನೆ ಎಂದ. 7.40ಕ್ಕೆ ಬಂಧನ ಜ್ಞಾಪನಕ್ಕೆ ಸಹಿ ಹಾಕಿದ. ಮಗನನ್ನು ಯಾಕೆ ಕರೆದೊಯ್ಯುತ್ತಿದ್ದೀರಿ ಎಂದು ತಂದೆ ಕೇಳಿದಾಗ ಶ್ರೀಲತಾ ಕಾರಣವನ್ನು ಪೂರ್ತಿ ಹೇಳಿ, ಅವರ ಸಹಿಯನ್ನೂ ಪಡೆದರು.

ಜೀಪು ಮಧುಗಿರಿ ದಾಟಿತು. ಬಲಕ್ಕೆ ಏಕಶಿಲೆಯ ಬೆಟ್ಟ ಹಿಂದೆ ಸರಿಯಿತು. ಆಮೇಲೆ ಯಾರೂ ಕೇಳದೆ ಶುರು ಮಾಡಿದ.

"ಏಳು ವರ್ಷ ಹೆಲ್ಪರ್ ಆಗಿದ್ದೆ ಮೇಡಂ. ಗುಂಡಿ ತೋಡೋದು, ಕೇಬಲ್ ಎಳಿಯೋದು. ಕೆಲಸ ಕಲಿಸಿದ್ದು ಭೀಮಣ್ಣನೇ. ಅವ್ರ ಮನೇಲಿ ಎಷ್ಟು ಸಲ ಉಂಡಿದೀನೋ. ಸಾಯಂಕಾಲ ಓದಿ ಡಿಪ್ಲೊಮಾ ಮುಗಿಸಿದೆ, ದಸರಾ ಹೊತ್ತಿಗೆ ಇನ್‌ಚಾರ್ಜ್ ಆದೆ. ನಮ್ಮಪ್ಪ ಬಸ್‌ಸ್ಟ್ಯಾಂಡಲ್ಲಿ ಕೂತು ಹೋಗೋ ಬರೋರಿಗೆಲ್ಲ ಹೇಳ್ತಾರೆ."

"ಭಾನುವಾರ?"

"ಏಳನೇ ಬಾಕ್ಸ್ ಸೊನ್ನೆ ತೋರಿಸ್ತಿದೆ ಅಂತ ಬೆಂಗಳೂರಿಂದ ಮೂರು ಸಲ ಫೋನ್ ಬಂತು. ಇನ್ನೂ ಎಷ್ಟೊತ್ತು, ನಿಮ್ಮ ಕೈಲಾಗುತ್ತೋ ಇಲ್ವೋ ಅಂದ್ರು. ಹನ್ನೊಂದೂಮುಕ್ಕಾಲಿಗೆ ಭೀಮಣ್ಣ ಡ್ರಮ್ಮಿನ ಹತ್ರ ನೀರು ಕುಡೀತಿದ್ದದ್ದು ಕಿಟಕೀಲಿ ಕಂಡಿತ್ತು. ಕೆಲಸ ಮುಗೀತು ಅನ್ಕೊಂಡೆ. ಚೀಟಿ ಅಲ್ಲೇ ನೇತಾಡ್ತಿತ್ತು. ತೆಗೆಯೋದು ಮರೆತಿದಾರೆ ಅನ್ಕೊಂಡೆ. ನನ್ನ ಹತ್ರ ಇದ್ದ ಕೀಲಿ ಬೀಗ ತೆಗೆದು ಆನ್ ಮಾಡ್ದೆ."

"ಹೋಗಿ ನೋಡಲಿಲ್ಲ."

"ಇಲ್ಲ."

"ಎಷ್ಟು ದೂರ ಇತ್ತು?"

"ಬಾಕ್ಸಿಂದ ಒಂದು ನೂರು ಹೆಜ್ಜೆ. ಬಿಸಿಲಿತ್ತು." ಅವನು ಬೇಡಿ ಹಾಕಿದ ಕೈಗಳನ್ನು ಮಂಡಿಗಳ ನಡುವೆ ಇಟ್ಟುಕೊಂಡ. "ಕೂಗಿದ್ರೂ ಕೇಳಿಸ್ತಿತ್ತು. ಹೆಲ್ಪರ್ ಆಗಿದ್ದಾಗ ಕೂಗ್ತಿದ್ದೆ. ಇನ್‌ಚಾರ್ಜ್ ಆದ್ಮೇಲೆ ಕೂಗೋದು ಬಿಟ್ಬಿಟ್ಟಿದ್ದೆ ಮೇಡಂ."

ಐ.ಡಿ.ಹಳ್ಳಿಗೆ ತಿರುಗುವ ದಾರಿಯ ಫಲಕ ಬಂತು, ಹೋಯಿತು. ಅವನು ತಲೆ ಎತ್ತಲಿಲ್ಲ.

"ನಾನೇ ಆನ್ ಮಾಡಿದೆ ಅಂತ ಗೊತ್ತಾದ್ರೆ ಮತ್ತೆ ಗುಂಡಿ ತೋಡೋಕೆ ಹೋಗ್ಬೇಕು ಅನ್ನಿಸ್ತು. ಆ ಹೊತ್ತಿಗೆ ಬೇರೇನೂ ತಲೇಲಿ ಇರಲಿಲ್ಲ. ಸತ್ತೋಗಿರೋರಿಗೆ ಹೆಸರು ಕೆಟ್ರೆ ಏನು, ಅವ್ರಿಗೇನು ಗೊತ್ತಾಗುತ್ತೆ ಅಂತ ಅನ್ಕೊಂಡೆ."

ಹಿಂದಿನ ಸೀಟಿನಲ್ಲಿದ್ದ ಅಂಜಿನಮೂರ್ತಿ ಕಿಟಕಿಯ ಕಡೆ ಮುಖ ತಿರುಗಿಸಿದ. ಶ್ರೀಲತಾ ಗಡಿಯಾರ ನೋಡಿಕೊಂಡರು. 9.30. ಕೋರ್ಟ್ ತೆರೆಯುವುದಕ್ಕೆ ಇನ್ನೂ ಹೊತ್ತಿತ್ತು. ಪಾವಗಡದ ಹೊರಗೆ ಹೋಟೆಲೊಂದರ ಮುಂದೆ ಜೀಪು ನಿಲ್ಲಿಸಿ, ಎಲ್ಲರಿಗೂ ಟೀ ಹೇಳಿದರು. ಅಂಜನ್ ಕುಮಾರ್ ಲೋಟ ಹಿಡಿದುಕೊಂಡ. ಟೀ ಆರಿತು. ಅವನು ಕುಡಿಯಲಿಲ್ಲ.